ಮೂರು ದೇಶದ ಇಂಜಿನ್ನು, ಭಾವನ ಎಡಗೈ

ಕಳೆದ ಡಿಸೆಂಬರಿನ ಒಂದು ಭಾನುವಾರದ ಪುಟದಲ್ಲಿ ನಾನು ಬರೆದುಕೊಂಡಿರುವುದು ಇಷ್ಟು. ಐದೂಮುಕ್ಕಾಲಿಗೆ ಎದ್ದೆ. ತೊಟ್ಟಿಗೆ ನೀರು ಹಿಡಿದೆ. ಹಾಲು ಕಾಯಿಸಿದೆ, ಉಕ್ಕಲು ಬಿಡಲಿಲ್ಲ. ಗೋಡೆ ಗಡಿಯಾರಗಳಿಗೆ ಕೀ ಕೊಟ್ಟೆ. ತುಳಸಿ ಕುಂಡದ ಒಡೆದ ಅಂಚಿಗೆ ಸಿಮೆಂಟು ಮೆತ್ತಿದೆ. ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿದೆ. ಸ್ಕೂಟರಿನ ಹಿಂದಿನ ಚಕ್ರಕ್ಕೆ ಗಾಳಿ ಹಾಕಿಸಿದೆ. ಅಕ್ಕನ ಮನೆಗೆ ಹೋದೆವು.

ಕೊನೆಯ ಸಾಲು ಮೂರೇ ಪದ, ಆದರೆ ಆ ದಿನವೆಲ್ಲ ಹೋದದ್ದು ಅದಕ್ಕೇ. ಆಗ ಬರೆದುಕೊಳ್ಳದೆ ಬಿಟ್ಟದ್ದನ್ನು ಈಗ ಬರೆಯುತ್ತಿದ್ದೇನೆ.

ನನ್ನದು ದೇವರಾಜ ಮೊಹಲ್ಲಾದಲ್ಲಿ ಗಡಿಯಾರ ರಿಪೇರಿ ಅಂಗಡಿ. ಕೆಳಗೆ ಅಂಗಡಿ, ಮೇಲೆ ಮನೆ, ಭಾನುವಾರ ರಜೆ. ಅಕ್ಕ ಮತ್ತು ಭಾವ ಇರುವುದು ವಿಜಯನಗರದಲ್ಲಿ. ಭಾವ ಇಂಜಿನಿಯರಿಂಗ್ ಕಾಲೇಜೊಂದರ ವರ್ಕ್‌ಶಾಪಿನಲ್ಲಿ ಹುಡುಗರಿಗೆ ಲೇತು, ಫೈಲು, ಬೆಸುಗೆ ಕಲಿಸುತ್ತಿದ್ದವರು. ನಿವೃತ್ತರಾದ ಮೇಲೆ ಮಹಡಿಯ ಕೋಣೆಯಲ್ಲಿ ಎರಡು ಬಾಗಿಲಗಲದ ಮೇಜು ಮಾಡಿಸಿ ಅದರ ಮೇಲೆ ಒಂದು ರೈಲ್ವೆಯನ್ನೇ ಕಟ್ಟಿದ್ದಾರೆ. ಸ್ಟೇಷನ್ನು, ಸಿಗ್ನಲ್ ಕಂಬ, ಹಳಿ ದಾಟುವ ಗೇಟು, ಗೇಟಿನ ಪಕ್ಕ ಒಂದು ಎಳನೀರಿನ ಗಾಡಿ. ನಿಜವಾದ ರೈಲಿನ ಎಂಬತ್ತೇಳರಲ್ಲಿ ಒಂದು ಪಾಲು ಅಳತೆ. ಆಟದ ರೈಲು ಎಂದು ಯಾರಾದರೂ ಅಂದರೆ ಅವರಿಗೆ ಕಾಫಿ ಬರುವುದು ತಡವಾಗುತ್ತದೆ.

ಮಳೆಗಾಲದಲ್ಲಿ ಭಾವನಿಗೆ ಸಣ್ಣದಾಗಿ ಲಕ್ವ ಹೊಡೆಯಿತು. ಮಾತು ಉಳಿಯಿತು, ನಡಿಗೆ ನಿಧಾನವಾಗಿ ಬಂತು, ಬಲಗೈ ಬೆರಳುಗಳು ಮಾತ್ರ ಹೇಳಿದ ಮಾತು ಕೇಳಲಿಲ್ಲ. ಅನ್ನ ಕಲಸುವುದು, ಗುಂಡಿ ಹಾಕಿಕೊಳ್ಳುವುದು ಎಡಗೈಗೆ ಅಭ್ಯಾಸವಾಯಿತು. ಇಂಜಿನ್ನನ್ನು ಹಳಿಯ ಮೇಲೆ ಕೂರಿಸುವುದು ಆಗಲಿಲ್ಲ. ಎರಡು ಹಳಿಯ ನಡುವೆ ಇರುವುದು ಒಂದೂವರೆ ಬೆರಳಿನಷ್ಟು ಜಾಗ. ಚಕ್ರಗಳೆಲ್ಲ ಒಂದೇ ಸಲ ಅದರೊಳಗೆ ಇಳಿಯಬೇಕು, ಒಂದು ತಪ್ಪಿದರೂ ಗಾಡಿ ಓಡದು. ಹಾಗಾಗಿ ಪ್ರತಿ ಸಲವೂ ಅವರು ಅಕ್ಕನನ್ನು ಕೂಗುತ್ತಿದ್ದರು. ಅಕ್ಕ ಒಗ್ಗರಣೆ ಬಿಟ್ಟು ಮೆಟ್ಟಿಲು ಹತ್ತುತ್ತಿದ್ದಳು. ಅವಳು ಕೂರಿಸಿ ಕೆಳಗಿಳಿಯುವಷ್ಟರಲ್ಲಿ ತಿರುವಿನಲ್ಲಿ ಅದು ಹಳಿ ತಪ್ಪಿ, ಮತ್ತೆ ಕೂಗು. ಮಧ್ಯಾಹ್ನ ಒಂದು ಗಳಿಗೆ ಅಡ್ಡಾಗುವ ಅಭ್ಯಾಸವಿದ್ದವಳು ಅದನ್ನೂ ಬಿಟ್ಟಿದ್ದಳು.

ಆ ಭಾನುವಾರಕ್ಕೆ ಮೂರು ದಿನ ಮುಂಚೆ ಭಾವ ಒಂದು ತೀರ್ಮಾನಕ್ಕೆ ಬಂದಿದ್ದರು. ಸೋಮವಾರ ಆಚಾರಿ ಬಂದು ಮೇಜು ಬಿಚ್ಚಬೇಕು, ಇಂಜಿನ್ನುಗಳು ಡಬ್ಬಿ ಸೇರಿ ಅಟ್ಟಕ್ಕೆ ಹೋಗಬೇಕು. ನಾನು ಫೋನಿನಲ್ಲಿ ಯಾಕೆ ಭಾವ ಎಂದು ಕೇಳಿದ್ದಕ್ಕೆ ಅವರು ಅಂದದ್ದು ಇಷ್ಟೇ: "ದಿನಾ ಅವಳನ್ನ ಕೂಗಿ ಹತ್ತಿಸಿಕೊಳ್ಳೋದಾದ್ರೆ ನಂಗ್ಯಾಕಯ್ಯ ರೈಲು?"

ಆಮೇಲೆ ಅಕ್ಕ ಫೋನು ತಗೊಂಡು ಗಚ್ಚಿಗೆ ಹೋಗಿ ಮೆಲ್ಲಗೆ ಹೇಳಿದಳು. ಅವರ ಹತ್ತಿರ ಮೂರು ಇಂಜಿನ್ ಇದೆ, ಮೂರೂ ಬೇರೆ ಬೇರೆ ಕಂಪನಿಯದು, ಅದರಲ್ಲಿ ಒಂದಾದರೂ ಅವರ ಎಡಗೈಗೆ ಬಗ್ಗುತ್ತದೇನೋ ಬಂದು ನೋಡು, ಸಣ್ಣ ಚಕ್ರ ನಿನಗೆ ಗೊತ್ತಲ್ಲ, ಎಂದು. ಮೇಜು ಹೋದರೆ ಅವರು ಆ ಕೋಣೆಗೆ ಹತ್ತುವುದಿಲ್ಲ, ಹತ್ತದಿದ್ದರೆ ಕಾಲೂ ಹಿಡಿದುಕೊಳ್ಳುತ್ತದೆ ಎಂಬುದು ಅವಳ ಹೆದರಿಕೆ.

ಸಣ್ಣ ಚಕ್ರ ಗೊತ್ತು, ನಿಜ. ಆದರೆ ಒಂದು ಇಂಜಿನ್ನಿಗೂ ಇನ್ನೊಂದಕ್ಕೂ ಏನು ವ್ಯತ್ಯಾಸ ಎಂದು ನಾನು ಯಾವತ್ತೂ ಕೈಯಲ್ಲಿ ಹಿಡಿದು ನೋಡಿರಲಿಲ್ಲ. ಚಿಮಟ, ಸ್ಕ್ರೂಡ್ರೈವರು, ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿ, ಜಿಡ್ಡು ತೊಳೆಯಲು ಒಂದು ಸೀಸೆ ವೈಟ್ ಪೆಟ್ರೋಲು, ಗಡಿಯಾರದ ಎಣ್ಣೆ ಎಲ್ಲ ಚೀಲಕ್ಕೆ ಹಾಕಿಕೊಂಡೆ. ನನ್ನ ಹೆಂಡತಿ ಅಡುಗೆಮನೆಯ ತಕ್ಕಡಿ ಯಂತ್ರವನ್ನು ತೊಡೆಯ ಮೇಲಿಟ್ಟುಕೊಂಡು ಸ್ಕೂಟರಿನ ಹಿಂದೆ ಕೂತಳು. ನನಗೆ ಅನ್ನ ತೂಗಿ ಬಡಿಸಲೆಂದು ಅವಳು ತರಿಸಿದ ಯಂತ್ರ ಅದು.

ಎಂಟೂವರೆಗೆ ಮುಟ್ಟಿದೆವು. ಚಳಿ ಇನ್ನೂ ಬಿಟ್ಟಿರಲಿಲ್ಲ. ಭಾವ ಮಂಕಿಕ್ಯಾಪು ಹಾಕಿಕೊಂಡು ಮೇಜಿನ ಮುಂದೆ ಕೂತಿದ್ದರು, ಮೂರು ಇಂಜಿನ್ನೂ ಟವೆಲಿನ ಮೇಲೆ ಸಾಲಾಗಿ ಮಲಗಿದ್ದವು. ತಕ್ಕಡಿ ನೋಡಿ ಅವರು, "ಇದೇನಯ್ಯ, ತರಕಾರಿ ತೂಗ್ತೀಯಾ?" ಎಂದರು.

"ಇವರಿಗೆ ಅನ್ನ ತೂಗೋ ಮಿಷನ್ನು ಅಣ್ಣ," ಅಂದಳು ನನ್ನ ಹೆಂಡತಿ. "ಇಂಜಿನ್ಗೂ ಸಕ್ಕರೆ ಇದ್ಯೇನೋ ನೋಡ್ಬುಡೋಣ."

ಭಾವ ನಗಲಿಲ್ಲ, ಆದರೆ ಟೋಪಿ ತೆಗೆದಿಟ್ಟರು.

ಒಂದು ಜರ್ಮನಿಯದು. ಕಪ್ಪು ಬಣ್ಣದ ಪುಟ್ಟ ಉಗಿ ಇಂಜಿನ್, ಸ್ಟೇಷನ್ನಿನಲ್ಲಿ ಡಬ್ಬಿಗಳನ್ನು ಆಚೀಚೆ ತಳ್ಳುವ ಕೆಲಸದ್ದು. ಮುಷ್ಟಿಯೊಳಗೆ ಹಿಡಿಸುತ್ತದೆ, ಆದರೆ ಎತ್ತಿದರೆ ಕೈ ಜಗ್ಗುತ್ತದೆ. ತೂಗಿದರೆ ಮುನ್ನೂರ ಹತ್ತು ಗ್ರಾಂ. ಮೈಯೆಲ್ಲ ಎರಕದ ಲೋಹ, ಏಣಿ, ಹಿಡಿಕಂಬಿ, ಕೊಳವೆ ಎಲ್ಲವೂ ಅದೇ ಎರಕದಲ್ಲಿ ಮೂಡಿದವು. ಹತ್ತಿರದಿಂದ ನೋಡಿದರೆ ಸ್ವಲ್ಪ ಮೊದ್ದು, ಅಜ್ಜಿಯ ಕಾಲದ ಬಾಣಲೆಯ ಹಾಗೆ. ಇನ್ನೊಂದು ಜಪಾನಿನದು, ನೀಲಿ ಡೀಸೆಲ್ ಇಂಜಿನ್. ಉದ್ದದಲ್ಲಿ ಮೊದಲನೆಯದರ ಎರಡರಷ್ಟು, ತೂಕ ಇನ್ನೂರ ನಲವತ್ತು. ಅದರ ಹಿಡಿಕಂಬಿಗಳು ಕೂದಲೆಳೆಯಂಥ ತಂತಿ, ಕಿಟಕಿಗೆ ಮಳೆ ಒರೆಸುವ ಕಡ್ಡಿ ಕೂಡ ಬೇರೆಯಾಗಿ ಕೂರಿಸಿದ್ದಾರೆ. ಭೂತಗನ್ನಡಿ ಹಾಕಿಕೊಂಡು ನೋಡಿದೆ, ಅಂಟಿನ ಒಂದು ಗುರುತೂ ಇಲ್ಲ. ಕೈಗಡಿಯಾರದ ಮುಖಕ್ಕೆ ಅಂಕಿ ಅಂಟಿಸಿದವರೇ ಇದನ್ನೂ ಮಾಡಿರಬೇಕು ಅನ್ನಿಸಿತು.

ಮೂರನೆಯದು ನಮ್ಮ ದೇಶದ್ದೇ ಒಂದು ಸಣ್ಣ ಕಂಪನಿಯದು, ಭಾವ ಎಲ್ಲಕ್ಕಿಂತ ಹೆಚ್ಚು ಇಷ್ಟಪಡುವುದು. ನಮ್ಮ ರೈಲುಗಳನ್ನು ಎಳೆಯುವ ದೊಡ್ಡ ಡೀಸೆಲ್ ಇಂಜಿನ್ನಿನ ಪಡಿಯಚ್ಚು. ಕಿಟಕಿಯ ಜಾಲರಿ, ಹಣೆಯ ಮೇಲಿನ ದೀಪ, ಪಕ್ಕದಲ್ಲಿ ಕನ್ನಡದಲ್ಲಿ ಬರೆದ ಊರಿನ ಹೆಸರು. ಬಣ್ಣದ ಗೆರೆ ಒಂದು ಕಡೆ ಸ್ವಲ್ಪ ಸೊಟ್ಟ. ಭಾವನಿಗೆ ಅದೂ ಇಷ್ಟ. ನಿಜವಾದದ್ದರ ಮೇಲೂ ಗೆರೆ ಸೊಟ್ಟಗೇ ಇರುತ್ತದೆ ಎನ್ನುತ್ತಾರೆ. ತೂಕ ನಾನೂರ ಇಪ್ಪತ್ತು.

ಮೊದಲು ಓಡಿಸಿ ನೋಡಿದೆವು. ನಾನು ಹಳಿಯ ಮೇಲೆ ಇಟ್ಟೆ, ಭಾವ ಎಡಗೈಯಲ್ಲಿ ಕಂಟ್ರೋಲರಿನ ಗುಂಡಿ ತಿರುಗಿಸಿದರು. ಫ್ಯಾನಿನ ರೆಗ್ಯುಲೇಟರಿನ ಹಾಗೆ ಅದರ ಸುತ್ತ ಅಂಕಿಗಳಿವೆ. ಜಪಾನಿನದು ಒಂದಕ್ಕೆ ಮುಟ್ಟುವ ಮುಂಚೆಯೇ ಹೊರಟಿತು, ಸಕ್ಕರೆ ಕಾಳು ಹೊತ್ತ ಇರುವೆಯ ಹಾಗೆ. ಕಿವಿ ಹತ್ತಿರ ಇಟ್ಟರೂ ಸದ್ದಿಲ್ಲ. ಮೋಟರಿನ ತುದಿಗೆ ಒಂದು ಭಾರದ ಬಿಲ್ಲೆ ಇದೆಯಂತೆ, ಕರೆಂಟು ನಿಲ್ಲಿಸಿದರೂ ಆ ಬಿಲ್ಲೆ ಸುತ್ತುತ್ತಾ ಗಾಡಿಯನ್ನು ಒಂದು ಗೇಣು ಮುಂದಕ್ಕೆ ಕೊಂಡೊಯ್ದು ನಿಲ್ಲಿಸುತ್ತದೆ. ನಮ್ಮ ದೇಶದ್ದು ನಾಲ್ಕರವರೆಗೂ ಸುಮ್ಮನಿತ್ತು. ನಾಲ್ಕಕ್ಕೆ, ತೂಕಡಿಸುತ್ತಿದ್ದ ಕಂಡಕ್ಟರನ್ನು ಯಾರೋ ಅಲುಗಿಸಿದ ಹಾಗೆ ಎದ್ದು ಹೊರಟಿತು. ಸದ್ದು ಮಿಕ್ಸಿಗೆ ಒಣಮೆಣಸಿನಕಾಯಿ ಹಾಕಿದಂತೆ. ಆದರೆ ಎಂಟು ಡಬ್ಬಿ ಸಿಕ್ಕಿಸಿದರೂ ಏದುಸಿರಿಲ್ಲದೆ ಎಳೆಯಿತು. ಜಪಾನಿನದು ಆರನೇ ಡಬ್ಬಿಗೇ ಚಕ್ರ ಜಾರಿಸಿತ್ತು. ತೂಕದ ಫಲ ಅದು ಎಂದು ಭಾವ ವಿವರಿಸಿದರು. ಇಂಜಿನ್ನು ಹಳಿಯನ್ನು ಒತ್ತಿದಷ್ಟೂ ಎಳೆಯುತ್ತದೆಯಂತೆ. ಅವರು ಹಾಗೆ ಉದ್ದಕ್ಕೆ ಮಾತಾಡಿ ತಿಂಗಳುಗಳಾಗಿದ್ದವು. ನನ್ನ ಹೆಂಡತಿ ನನ್ನ ಕಡೆ ನೋಡಿದಳು.

ಜರ್ಮನಿಯದು ಓಡಲಿಲ್ಲ. ಗುಂಡಿಯನ್ನು ಆರಕ್ಕೆ ತಿರುಗಿಸಿದರೂ ಒಳಗೆ ಗುಂಯ್ ಎಂದು ನರಳುತ್ತಿತ್ತೇ ಹೊರತು ಚಕ್ರ ಅಲುಗಲಿಲ್ಲ. ಮೈ ಬೆಚ್ಚಗಾಯಿತು. ತಾವು ಆಸ್ಪತ್ರೆಯಿಂದ ಬಂದಾಗ ಒಂದೆರಡು ಸಲ ಕುಂಟುತ್ತಾ ಓಡಿತ್ತು, ಚಳಿಗಾಲ ಶುರುವಾದ ಮೇಲೆ ಹೀಗೇ, ಮೋಟರು ಸುಟ್ಟಿದೆ ಎಂದು ಭಾವ ಅದನ್ನು ಬದಿಗೆ ಸರಿಸಿದರು.

ಆಮೇಲೆ ಮುಖ್ಯವಾದದ್ದು. ಒಂದೊಂದನ್ನೂ ಅವರೇ, ಎಡಗೈಯಲ್ಲಿ, ಐದೈದು ಸಲ ಹಳಿಗೆ ಕೂರಿಸಬೇಕು, ನಾವು ಯಾರೂ ಕೈ ಹಾಕಬಾರದು. ಜಪಾನಿನದನ್ನು ಹಿಡಿಯಲು ಜಾಗವೇ ಇರಲಿಲ್ಲ. ಎಲ್ಲಿ ಮುಟ್ಟಿದರೂ ಒಂದು ತಂತಿ. ಎರಡನೇ ಸಲಕ್ಕೆ ಹಿಡಿಕಂಬಿಯೊಂದು ಬಾಗಿತು, ಭಾವ ಅದನ್ನು ಟವೆಲಿನ ಮೇಲೆ ಇಟ್ಟುಬಿಟ್ಟರು. ನಮ್ಮ ದೇಶದ್ದಕ್ಕೆ ಮುಂದೆ ಮೂರು ಜೊತೆ ಚಕ್ರ, ಹಿಂದೆ ಮೂರು ಜೊತೆ, ಎರಡೂ ಗುಂಪು ತಮ್ಮ ಪಾಡಿಗೆ ತಾವು ತಿರುಗುತ್ತವೆ. ಮುಂದಿನದು ಕೂತರೆ ಹಿಂದಿನದು ಸೊಟ್ಟ, ಹಿಂದಿನದನ್ನು ಸರಿಮಾಡಿದರೆ ಮುಂದಿನದು ಹೊರಗೆ. ಐದರಲ್ಲಿ ಒಂದು ಸಲ ಕೂತಿತು, ಅಷ್ಟರಲ್ಲಿ ತೋಳು ಸೋತಿತ್ತು.

ಸುಮ್ಮನೆ ಇರಲಿ ಎಂದು ಜರ್ಮನಿಯದನ್ನೂ ಅವರ ಕೈಗೆ ಕೊಟ್ಟೆ. ಅದಕ್ಕೆ ಮೂರೇ ಜೊತೆ ಚಕ್ರ, ಅವೂ ಮೈಗೆ ಬಿಗಿಯಾಗಿವೆ, ತಿರುಗುವುದಿಲ್ಲ. ಚಕ್ರದ ಅಂಚಿನ ತುಟಿ ಉಳಿದೆರಡಕ್ಕಿಂತ ದಪ್ಪ. ಮುರಿಯುವಂಥದ್ದು ಹೊರಗೆ ಏನೂ ಇಲ್ಲ. ಭಾವ ಅದನ್ನು ನಿಂಬೆಹಣ್ಣು ಹಿಡಿದಂತೆ ಹಿಡಿದು ಇಟ್ಟರು. ಐದರಲ್ಲಿ ಮೂರು ಸಲ ಕೂತಿತು.

"ನೋಡಯ್ಯ," ಎಂದರು ಭಾವ, "ಕೂರೋದು ಓಡಲ್ಲ, ಓಡೋದು ಕೂರಲ್ಲ. ಆಚಾರಿ ನಾಳೆ ಹತ್ತಕ್ಕೆ ಬರ್ತಾನೆ."

ನಾನು ಅದನ್ನು ಬಿಚ್ಚುತ್ತೇನೆ ಎಂದೆ. ಬಿಚ್ಚುವುದರಲ್ಲೂ ಕಂಪನಿಗೊಂದು ಸ್ವಭಾವ ಇರುತ್ತದೆ. ಗಡಿಯಾರದಲ್ಲಿ ನೋಡಿದ್ದೆ, ಇಲ್ಲೂ ಅದೇ. ಜಪಾನಿನದನ್ನು ತಿರುವಿ ನೋಡಿದರೆ ಒಂದು ಸ್ಕ್ರೂ ಕಾಣಿಸದು, ಎಲ್ಲ ಮುಚ್ಚಿ ಭದ್ರ. ನಿನಗೇಕೆ ತೊಂದರೆ, ನಾವು ಮಾಡಿಟ್ಟಿದ್ದೇವಲ್ಲ ಎನ್ನುವ ಹಾಗೆ. ನಮ್ಮ ದೇಶದ್ದಕ್ಕೆ ನಾಲ್ಕು ಸ್ಕ್ರೂ, ಒಂದರ ತಲೆ ಆಗಲೇ ಸವೆದಿತ್ತು. ಬಿಚ್ಚಿದರೆ ನಿನ್ನ ಪಾಡು ನಿನಗೆ ಎನ್ನುತ್ತದೆ. ಜರ್ಮನಿಯದು ಮಾತ್ರ ಬಿಚ್ಚು ಎಂದೇ ಕಾಯುತ್ತಿತ್ತು. ದಪ್ಪ ತಲೆಯ ಎರಡು ಸ್ಕ್ರೂ, ತಳದ ತಟ್ಟೆಯಲ್ಲಿ ಎಣ್ಣೆ ಬಿಡಲೆಂದೇ ಕೊರೆದ ತೂತುಗಳು, ಅವುಗಳೊಳಗೆ ಹಲ್ಲುಚಕ್ರಗಳು ಹೊರಗಿನಿಂದಲೇ ಕಾಣುತ್ತವೆ. ಮಾಡಿದವನು ನಮ್ಮನ್ನು ನಂಬಿದ್ದಾನೆ.

ಅಕ್ಕ ಕಾಫಿ ತಂದಳು. ನಾನು ತಳದ ತಟ್ಟೆ ತೆಗೆಯುತ್ತಿರುವುದನ್ನು ಕಂಡು ಬಾಗಿಲಲ್ಲೇ ಒಂದು ಗಳಿಗೆ ನಿಂತಳು, ಲೋಟಗಳನ್ನು ಇಡದೆ ತಟ್ಟೆಯ ಸಮೇತ ಹಾಗೇ ಕೆಳಗೆ ಹೋದಳು.

ಒಳಗೆ ಹಲ್ಲುಚಕ್ರಗಳ ನಡುವೆಯೆಲ್ಲ ಬಿಳಿಯ ಮೇಣದಂಥದ್ದು ಗಟ್ಟಿಯಾಗಿ ತುಂಬಿತ್ತು. ಚಿಮಟದ ತುದಿಯಲ್ಲಿ ಒಂದು ಚೂರು ತೆಗೆದು ಬೆರಳ ಮೇಲಿಟ್ಟುಕೊಂಡೆ, ನನ್ನ ಬಿಸಿಗೇ ಕರಗಿ ಹರಿಯಿತು. ಮೂಸಿ ನೋಡಬೇಕಾದ ಅಗತ್ಯವೇ ಇರಲಿಲ್ಲ. ಅಜ್ಜನ ಕಾಲದ ಗೋಡೆ ಗಡಿಯಾರಕ್ಕೆ ಇದನ್ನೇ ಬಿಟ್ಟುಕೊಂಡು, ಬೇಸಿಗೆಯಲ್ಲಿ ಓಡುತ್ತೆ ಚಳೀಲಿ ನಿಲ್ಲುತ್ತೆ ಕಣ್ರೀ ಎಂದು ನನ್ನ ಅಂಗಡಿಗೆ ಬರುವವರು ಪ್ರತಿ ವರ್ಷ ಇದ್ದಾರೆ. ಕೊಬ್ಬರಿ ಎಣ್ಣೆ. ಡಿಸೆಂಬರಿನ ಬೆಳಿಗ್ಗೆ ಬಚ್ಚಲಿನ ಸೀಸೆಯಲ್ಲಿ ಹೆಪ್ಪುಗಟ್ಟುವಂತೆ ಇಂಜಿನ್ನಿನ ಹೊಟ್ಟೆಯಲ್ಲೂ ಹೆಪ್ಪುಗಟ್ಟಿತ್ತು. ಮೋಟರಿಗೆ ಏನೂ ಆಗಿರಲಿಲ್ಲ. ಭಾವ ಅದನ್ನು ಹಳಿಗೆ ಹಾಕಿ ನೋಡುತ್ತಿದ್ದದ್ದು ಬೆಳಿಗ್ಗೆಯ ಚಳಿಯಲ್ಲಿ ಮಾತ್ರ, ಬಿಸಿಲೇರಿ ಅದು ಓಡಬಹುದಾದ ಹೊತ್ತಿಗೆ ಹಳಿಯ ಮೇಲೆ ಬೇರೆ ಇಂಜಿನ್ನು ಇರುತ್ತಿತ್ತು.

ಕೈ ತೊಳೆಯುವ ನೆಪದಲ್ಲಿ ಅಡುಗೆಮನೆಗೆ ಇಳಿದೆ. ಕಾಫಿ ಲೋಟಗಳು ಕಟ್ಟೆಯ ಮೇಲೆ ಆರುತ್ತಿದ್ದವು. ನಾನು ಕೇಳುವ ಮುಂಚೆ ಅಕ್ಕನೇ ಹೇಳಿದಳು. ಅವರು ಆಸ್ಪತ್ರೆಯಲ್ಲಿದ್ದ ಆ ಮೂರು ವಾರವೂ ಅವಳು ದಿನ ಬಿಟ್ಟು ದಿನ ಆ ಕೋಣೆ ಗುಡಿಸಿ ಒರೆಸಿದ್ದಳು. ಮಳೆಯ ಥಂಡಿಗೆ ತುಕ್ಕು ಹಿಡಿದೀತು ಅನ್ನಿಸಿತು. ಹೊಲಿಗೆ ಮಿಷನ್ನಿಗೆ ಬಿಡುವ ಎಣ್ಣೆ ಮುಗಿದಿತ್ತು. ಉಳಿದೆರಡರಲ್ಲಿ ಎಲ್ಲಿ ಬಿಡಬೇಕೋ ತಿಳಿಯಲಿಲ್ಲ, ಇದರಲ್ಲಿ ತೂತು ಕಾಣಿಸಿತು.

"ಅವರಿಗೆ ಹೇಳ್ಬೇಡ ಕಣೋ," ಅಂದಳು. "ಆ ರೂಮಲ್ಲಿ ನಾನೇನೂ ಕೆಡಿಸಿಲ್ಲ ಅಂದ್ಕೊಂಡು ಇದ್ದೆ."

ಹಳೇ ಗ್ರೀಸು ಗಟ್ಟಿಯಾಗಿದೆ ಎಂದುಬಿಡೋಣ ಎಂದು ಮನಸ್ಸಿನಲ್ಲೇ ಜೋಡಿಸಿಕೊಂಡು ಕಾಫಿ ತಟ್ಟೆ ಹಿಡಿದು ಮೇಲೆ ಹೋದೆ. ಅಕ್ಕನೂ ಹಿಂದೆ ಬಂದಳು. ಭಾವ ನನ್ನನ್ನು ನೋಡಲಿಲ್ಲ. ತಳದ ತಟ್ಟೆಯನ್ನು ಎಡಗೈಯಲ್ಲಿ ಮೂಗಿನ ಹತ್ತಿರ ಹಿಡಿದುಕೊಂಡಿದ್ದರು.

"ಏನೇ, ಇಂಜಿನ್ನಲ್ಲಿ ನಿನ್ನ ಜಡೆ ವಾಸನೆ ಬರ್ತಾ ಇದೆ," ಎಂದರು.

ಅಕ್ಕ ಬಾಗಿಲ ಚೌಕಟ್ಟಿಗೆ ಕೈ ಕೊಟ್ಟು ನಿಂತಳು. "ನಾನೇ ಹಾಕ್ದೆ. ನೀವು ಆಸ್ಪತ್ರೇಲಿದ್ರಲ್ಲ, ಆಗ. ತುಕ್ಕು ಹಿಡಿದ್ಬುಟ್ರೆ ನೀವು ಬಂದಾಗ ಏನು ಹೇಳೋದು ಅಂತ."

ಭಾವ ತಳದ ತಟ್ಟೆಯನ್ನು ಟವೆಲಿನ ಮೇಲಿಟ್ಟರು. ನಮ್ಮ ಭಾವ ಕೋಪಿಷ್ಠರು, ಕಾಯಿಲೆ ಅದನ್ನೇನೂ ಕಡಿಮೆ ಮಾಡಿರಲಿಲ್ಲ. ನನ್ನ ಹೆಂಡತಿ ಸುಮ್ಮನೆ ತಕ್ಕಡಿಯ ಗುಂಡಿ ಒತ್ತಿ ಸೊನ್ನೆ ಬರಿಸುತ್ತಿದ್ದಳು. ಅವರು ಅಕ್ಕನನ್ನೇ ನೋಡುತ್ತಾ ಕೇಳಿದರು:

"ಇನ್ಯಾವುದಕ್ಕೆ ಹಾಕಿದ್ಯಾ?"

"ಸಿಗ್ನಲ್ ಕಂಬಕ್ಕೆ ಒಂಚೂರು."

"ಅದೇ ಅಷ್ಟು ಮಿರಮಿರ ಅಂತಿದೆ. ಆ ಎಣ್ಣೆ ನನ್ನ ತಲೆಗೆ ಹಾಕಿದ್ರೆ ನಾಕು ಕೂದ್ಲಾದ್ರೂ ಬರ್ತಿತ್ತಲ್ಲೇ."

ನನ್ನ ಹೆಂಡತಿ ಮೊದಲು ನಕ್ಕಳು, ಆಮೇಲೆ ಅಕ್ಕ, ನಗುತ್ತಲೇ ಸೆರಗಿನಿಂದ ಮೂಗು ಒರೆಸಿಕೊಂಡಳು.

ಕಿಟಕಿ ತೆರೆದಿಟ್ಟು ವೈಟ್ ಪೆಟ್ರೋಲನ್ನು ಒಂದು ಬಟ್ಟಲಿಗೆ ಸುರಿದೆ. ಹಲ್ಲುಚಕ್ರಗಳನ್ನು ಬಿಚ್ಚಿ ಅದರಲ್ಲಿ ನೆನೆಹಾಕಿ ಹಳೇ ಹಲ್ಲುಜ್ಜುವ ಬ್ರಶ್ಶಿನಲ್ಲಿ ಉಜ್ಜುವ ಕೆಲಸ. ನಾನು ಶುರುಮಾಡುವ ಮುಂಚೆ ಭಾವ ಬ್ರಶ್ಶನ್ನು ಕಿತ್ತುಕೊಂಡರು. ಬಲಗೈಯ ಅಂಗೈಯಿಂದ ಚಕ್ರವನ್ನು ಟವೆಲಿಗೆ ಒತ್ತಿ ಹಿಡಿದು ಎಡಗೈಯಲ್ಲಿ ಉಜ್ಜಿದರು. ಐದು ಹಲ್ಲುಚಕ್ರಕ್ಕೆ ಒಂದು ಗಂಟೆ ಹಿಡಿಯಿತು. ನಾನಾಗಿದ್ದರೆ ಹತ್ತು ನಿಮಿಷ. ನಾನು ಆ ಹೊತ್ತಿನಲ್ಲಿ ಜಪಾನಿನದರ ಬಾಗಿದ ಹಿಡಿಕಂಬಿಯನ್ನು ಚಿಮಟದಲ್ಲಿ ನೆಟ್ಟಗೆ ಮಾಡಿ, ಸಿಗ್ನಲ್ ಕಂಬ ಒರೆಸಿ ಕೂತೆ. ಕೊನೆಗೆ ಒಂದೊಂದು ಅಚ್ಚಿಗೂ ಸೂಜಿಯ ಮೊನೆಯಲ್ಲಿ ಹಿಡಿಸುವಷ್ಟು ಗಡಿಯಾರದ ಎಣ್ಣೆ ಮುಟ್ಟಿಸಿ ಜೋಡಿಸಿದೆ. ಎಣ್ಣೆ ಅಷ್ಟೇ ಸಾಕೇ ಎಂದು ಅಕ್ಕ ಎರಡು ಸಲ ಕೇಳಿದಳು.

ಗುಂಡಿ ಎರಡಕ್ಕೆ ಬಂದಾಗ ಅದು ಹೊರಟಿತು. ಜಪಾನಿನದರಷ್ಟು ಮೆತ್ತಗಿಲ್ಲ, ನಮ್ಮದರಷ್ಟು ಗಲಾಟೆಯಿಲ್ಲ; ಹೊಲಿಗೆ ಮಿಷನ್ನು ದೂರದಲ್ಲಿ ಹೊಲಿಯುವಂಥ ಸದ್ದು. ಚಕ್ರದ ಪಕ್ಕದ ಸರಳುಗಳು ಹಿಂದೆ ಮುಂದೆ ಆಡುತ್ತಾ ಹೋಗುವುದನ್ನು ನಾಲ್ವರೂ ಬಗ್ಗಿ ನೋಡಿದೆವು. ತಿರುವಿನಲ್ಲಿ ಹಳಿ ತಪ್ಪಿತು.

ಅಕ್ಕನ ಕೈ ಅಭ್ಯಾಸಬಲದಿಂದ ಮುಂದೆ ಬಂದದ್ದು ಅಲ್ಲೇ ನಿಂತಿತು. ಭಾವ ಕುರ್ಚಿ ಸರಿಸಿಕೊಂಡು ಹೋಗಿ ಎಡಗೈಯಿಂದ ಎತ್ತಿಟ್ಟರು, ಕೂರಲಿಲ್ಲ. ಇನ್ನೊಂದು ಸಲ, ಕೂರಲಿಲ್ಲ. ಐದರಲ್ಲಿ ಎರಡು ಸಲ ತಪ್ಪುವುದೆಂದರೆ ಹೀಗೇ ಅಲ್ಲವೇ. ಅವರ ಕಿವಿ ಕೆಂಪಾಯಿತು. ಆಮೇಲೆ ಇಂಜಿನ್ನನ್ನು ಎತ್ತಿಕೊಂಡು, ಅದು ಬಿದ್ದಿದ್ದ ಜಾಗ ಬಿಟ್ಟು, ಮೇಜಿನ ಇನ್ನೊಂದು ಬದಿಯ ಗೇಟಿನ ಹತ್ತಿರ ಹೋದರು. ರಸ್ತೆ ಹಳಿಯನ್ನು ದಾಟುವ ಜಾಗ ಅದು. ಅಲ್ಲಿ ಹಳಿಯ ಎರಡೂ ಪಕ್ಕ, ಚಕ್ರದ ತುಟಿಗೆ ಸಂದು ಬಿಟ್ಟು, ತೆಳು ಹಲಗೆ ಹಾಸಿ ಹಳಿಯ ಮಟ್ಟಕ್ಕೇ ತಂದಿದ್ದರು. ಇಂಜಿನ್ನನ್ನು ಆ ರಸ್ತೆಯ ಮೇಲೆ ಹೇಗೆಂದರೆ ಹಾಗೆ ಇಟ್ಟರು. ಬೆನ್ನಿಗೆ ಒಂದು ಬೆರಳು ಕೊಟ್ಟು ಮೆಲ್ಲಗೆ ಮುಂದಕ್ಕೆ ತಳ್ಳಿದರು. ಹಲಗೆ ಮುಗಿಯುವಲ್ಲಿ ಚಕ್ರಗಳು ತಾವಾಗಿ ದಾರಿ ಹಿಡಿದು ಟಕ್ ಟಕ್ ಟಕ್ ಎಂದು ಒಂದೊಂದಾಗಿ ಹಳಿಗೆ ಇಳಿದವು.

ಮತ್ತೆ ಎತ್ತಿದರು, ಮತ್ತೆ ರಸ್ತೆಯ ಮೇಲಿಟ್ಟು ತಳ್ಳಿದರು, ಇಳಿಯಿತು. ಹತ್ತು ಸಲ ಮಾಡಿದರು. ಒಂದು ಸಲವೂ ತಪ್ಪಲಿಲ್ಲ.

"ಎತ್ತಕ್ಕಾಗ್ದಿದ್ರೆ ತಳ್ರೋ ಅಂತ ಇಪ್ಪತ್ತೆಂಟು ವರ್ಷ ಹುಡುಗರಿಗೆ ಹೇಳ್ದೆ," ಎಂದರು ಭಾವ. "ನಂಗೆ ಹೇಳೋರೇ ಇರ್ಲಿಲ್ಲ ಕಣಯ್ಯ."

ತೂಕ, ಸದ್ದು, ಸ್ಕ್ರೂ ಎಲ್ಲ ಹೋಲಿಸಿ ನೋಡಿದ ನನಗೂ ಹೊಳೆದಿರಲಿಲ್ಲ. ನಾನು ಮೂರು ದಿನದಿಂದ ಯೋಚಿಸುತ್ತಿದ್ದದ್ದು ಹಿಡಿಯುವುದರ ಬಗ್ಗೆ ಮಾತ್ರ.

ಅದೇ ಬಿಸಿಯಲ್ಲಿ ಅವರು ನಮ್ಮ ದೇಶದ್ದನ್ನೂ ತಂದು ಗೇಟಿನ ಮೇಲಿಟ್ಟರು. ಮುಂದಿನ ಚಕ್ರಗಳು ಇಳಿದವು. ಹಿಂದಿನ ಗುಂಪು ಅಡ್ಡ ತಿರುಗಿ ಹಲಗೆಯ ಮೇಲೇ ನಿಂತಿತು. ಹಲಗೆ ಗಿಡ್ಡವಾಯಿತು, ಇನ್ನೆರಡು ಇಂಚು ಉದ್ದ ಇರಬೇಕಿತ್ತು ಎಂದು ಗೊಣಗಿ ಇಂಜಿನ್ನನ್ನು ಟವೆಲಿಗೆ ವಾಪಸು ಇಟ್ಟರು. "ಇದು ನಾಳೆ," ಎಂದರು.

ಅಕ್ಕ ಕೆಳಗೆ ಹೋಗಿ ಆಚಾರಿಗೆ ಫೋನು ಮಾಡಿದ್ದು ಮೇಲಿನವರೆಗೂ ಕೇಳಿಸಿತು. ನಾಳೆ ಮೇಜಿನ ಕೆಲಸ ಇಲ್ಲ ಕಣಪ್ಪ, ಅಂಗೈ ಅಗಲದ ಒಂದು ತೆಳು ಹಲಗೆ ಇದ್ದರೆ ತಗೊಂಡು ಬಾ, ಬಚ್ಚಲು ಬಾಗಿಲೂ ಉಜ್ಜುತ್ತೆ ನೋಡುವಂತೆ, ಎಂದು ಹೇಳುತ್ತಿದ್ದಳು.

ಊಟಕ್ಕೆ ಕೂತಾಗ ಎರಡೂಕಾಲು. ಮುದ್ದೆ, ಅನ್ನ, ಹುರುಳಿಕಾಳಿನ ಬಸ್ಸಾರು, ಅದರದೇ ಪಲ್ಯ, ಈರುಳ್ಳಿ, ಮಜ್ಜಿಗೆ. ನನ್ನ ಅನ್ನವನ್ನು ಹೆಂಡತಿ ಅಲ್ಲೂ ತೂಗಿಯೇ ಬಡಿಸಿದಳು. ಭಾವ ಅರ್ಧ ಮುದ್ದೆ ಹೆಚ್ಚಿಗೆ ತಿಂದು, ಕೈ ತೊಳೆದವರೇ ಮೆಟ್ಟಿಲಿನ ಕಂಬಿ ಹಿಡಿದು ಮೇಲೆ ಹತ್ತಿದರು. ಮೊದಲು ನಿದ್ದೆ ಹೋದವಳು ಅಕ್ಕ. ಪಾತ್ರೆಗಳನ್ನು ಬಚ್ಚಲಿಗೂ ಹಾಕದೆ, ಒಂದು ಗಳಿಗೆ ಎಂದು ನಡುಮನೆಯ ಚಾಪೆಯ ಮೇಲೆ ತೋಳನ್ನೇ ತಲೆದಿಂಬು ಮಾಡಿಕೊಂಡು ಒರಗಿದಳು. ಮೇಲೆ ಇಂಜಿನ್ನು ಎರಡು ಸಲ ನಿಂತಿತು, ಎರಡು ಸಲವೂ ಹೊರಟಿತು. ಅವಳಿಗೆ ಎಚ್ಚರವಾಗಲಿಲ್ಲ.